ಸೋರುವ ಕೊಳವೆಗೆ ಸ್ಮಾರ್ಟ್ ಮೀಟರ್: ಎಣಿಕೆ ಮನೆಯಿಂದಲೋ, ಟ್ಯಾಂಕಿನಿಂದಲೋ?

ಬೇಸಿಗೆ ಸಮೀಪಿಸಿತೆಂದರೆ ವಿಜಯಪುರ ಜಿಲ್ಲೆಯಲ್ಲಿ ಎರಡು ಪ್ರಶ್ನೆಗಳು ಎಲ್ಲರ ಬಾಯಲ್ಲಿ ಇರುತ್ತವೆ. ಆಲಮಟ್ಟಿಯಲ್ಲಿ ಎಷ್ಟು ನೀರಿದೆ? ಉಜನಿಯಿಂದ ಭೀಮೆಗೆ ನೀರು ಬಿಟ್ಟರೇ? ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯವರು ಕೃಷ್ಣೆಯತ್ತ ನೋಡಿದರೆ, ಇಂಡಿ, ಸಿಂದಗಿಯ ಕಡೆಯವರ ಕಣ್ಣು ಭೀಮೆಯ ಮೇಲೆ. ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ನದಿಯಿಂದ ಎತ್ತಿದ ನೀರಿನಲ್ಲಿ ಮನೆಯ ನಳಕ್ಕೆ ತಲುಪಿದ್ದು ಎಷ್ಟು?

ಈ ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ಸಾಧನವೆಂದು ಇಂದು ಮುಂದಿಡಲಾಗುತ್ತಿರುವುದು ಸ್ಮಾರ್ಟ್ ನೀರಿನ ಮೀಟರ್. ಮನೆಯ ನಳಕ್ಕೆ ಅಳವಡಿಸಿದ ಮೀಟರ್ ತಾನಾಗಿಯೇ ಲೆಕ್ಕವನ್ನು ಕಚೇರಿಗೆ ಕಳುಹಿಸುತ್ತದೆ, ಸೋರಿಕೆಯಾದರೆ ಎಚ್ಚರಿಸುತ್ತದೆ, ಬಳಕೆಗೆ ತಕ್ಕ ಬಿಲ್ ಬರುವುದರಿಂದ ಜನರು ನೀರನ್ನು ಮಿತವಾಗಿ ಬಳಸುತ್ತಾರೆ ಎಂಬುದು ಇದರ ಹಿಂದಿನ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮೂವತ್ತು ನಲವತ್ತು ಸಾವಿರ ಜನಸಂಖ್ಯೆಯ, ಸರದಿಯಂತೆ ನೀರು ಬಿಡುವ ಪಟ್ಟಣಕ್ಕೆ ಇದನ್ನು ಹಾಗೆಯೇ ತಂದು ಹಚ್ಚಿದರೆ ಏನಾಗುತ್ತದೆ ಎಂಬುದನ್ನು ಮೊದಲು ಪರಿಶೀಲಿಸಬೇಕು. ಮೀಟರ್ ಯಾವುದು ಎಂಬುದಕ್ಕಿಂತ, ಅದನ್ನು ಮೊದಲು ಎಲ್ಲಿ ಕೂಡಿಸಬೇಕು ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ.

ಲೆಕ್ಕಕ್ಕೆ ಸಿಗದ ನೀರು

ನೀರು ಸರಬರಾಜಿನ ಪರಿಭಾಷೆಯಲ್ಲಿ 'ಆದಾಯರಹಿತ ನೀರು' ಎಂಬ ಮಾತಿದೆ. ಶುದ್ಧೀಕರಿಸಿ ಕೊಳವೆಗೆ ಬಿಟ್ಟ ನೀರಿನಲ್ಲಿ ಬಿಲ್ಲಿನ ಲೆಕ್ಕಕ್ಕೆ ಬಾರದೆ ಹೋದ ಭಾಗ ಇದು. ಇದರಲ್ಲಿ ಮೂರು ಬಗೆ. ಒಡೆದ ಕೊಳವೆ, ಸಡಿಲಗೊಂಡ ಕೂಡು, ತುಂಬಿ ಹರಿಯುವ ಟ್ಯಾಂಕುಗಳಿಂದ ನೆಲಕ್ಕೆ ಸೋರಿದ್ದು ಒಂದು. ಅನಧಿಕೃತ ಸಂಪರ್ಕ, ಕೆಟ್ಟ ಮೀಟರ್, ತಪ್ಪು ದಾಖಲೆಗಳಿಂದ ಲೆಕ್ಕ ತಪ್ಪಿದ್ದು ಇನ್ನೊಂದು. ಸಾರ್ವಜನಿಕ ನಳ, ಅಗ್ನಿಶಾಮಕ ಮುಂತಾದವಕ್ಕೆ ತಿಳಿದೇ ಉಚಿತವಾಗಿ ಕೊಟ್ಟದ್ದು ಮೂರನೆಯದು. ಜಗತ್ತಿನಾದ್ಯಂತ ಹೀಗೆ ಲೆಕ್ಕ ತಪ್ಪುವ ನೀರು ವರ್ಷಕ್ಕೆ ಸುಮಾರು 12,600 ಕೋಟಿ ಘನ ಮೀಟರ್ ಎಂದು 2019ರಲ್ಲಿ ಪ್ರಕಟವಾದ ಅಂದಾಜೊಂದು ಹೇಳಿತ್ತು.

ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2008ರಲ್ಲಿ ಪ್ರಕಟಿಸಿದ ಸೇವಾ ಮಾನದಂಡಗಳ ಪ್ರಕಾರ ಆದಾಯರಹಿತ ನೀರಿನ ಪ್ರಮಾಣ ಶೇ 20ನ್ನು ಮೀರಬಾರದು, ಎಲ್ಲ ಸಂಪರ್ಕಗಳಿಗೂ ಮೀಟರ್ ಇರಬೇಕು, ದಿನದ 24 ಗಂಟೆಯೂ ನೀರು ಬರಬೇಕು, ತಲಾ 135 ಲೀಟರ್ ದೊರೆಯಬೇಕು.

ಈ ಅಂಕಿಗಳನ್ನು ನಮ್ಮ ಊರುಗಳ ಅಳತೆಗೆ ಇಳಿಸಿ ನೋಡೋಣ. 2011ರ ಜನಗಣತಿಯಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಪಟ್ಟಣಗಳ ಜನಸಂಖ್ಯೆ ಮೂವತ್ತರಿಂದ ನಲವತ್ತು ಸಾವಿರದ ನಡುವೆ ಇತ್ತು. 35 ಸಾವಿರ ಜನರ ಪಟ್ಟಣವೊಂದಕ್ಕೆ ತಲಾ 135 ಲೀಟರಿನಂತೆ ದಿನಕ್ಕೆ 47 ಲಕ್ಷ 25 ಸಾವಿರ ಲೀಟರ್ ನೀರು ಬೇಕು. ಉದಾಹರಣೆಗೆ ಅದರಲ್ಲಿ ಶೇ 40ರಷ್ಟು ದಾರಿಯಲ್ಲೇ ಸೋರಿಹೋಗುತ್ತದೆ ಎಂದು ಹಿಡಿದರೆ, ನಷ್ಟ ದಿನಕ್ಕೆ ಸುಮಾರು 19 ಲಕ್ಷ ಲೀಟರ್. ಅಂದರೆ 14 ಸಾವಿರ ಜನರ ಪಾಲು. ಸೋರಿಕೆಯನ್ನು ಮಾನದಂಡದ ಶೇ 20ಕ್ಕೆ ಇಳಿಸಿದರೂ ಸಾಕು, ಹೊಸದಾಗಿ ಒಂದು ಹನಿಯನ್ನೂ ನದಿಯಿಂದ ಎತ್ತದೆ 7 ಸಾವಿರ ಜನರಿಗೆ ನೀರು ಸಿಕ್ಕಂತಾಗುತ್ತದೆ.

ಸೋರುವುದು ನೀರೊಂದೇ ಅಲ್ಲ. ನದಿಪಾತ್ರದಿಂದ ಊರಿನ ಟ್ಯಾಂಕಿಗೆ ನೀರೇರಿಸಲು ಜಾಕ್‌ವೆಲ್‌ಗಳಲ್ಲಿ ಪಂಪುಗಳು ತಿರುಗಬೇಕು. ಒಟ್ಟು ಏರಿಕೆ ನೂರು ಮೀಟರ್ ಇದೆಯೆಂದರೆ, ಸಾವಿರ ಲೀಟರ್ ನೀರನ್ನು ಎತ್ತಲು ಸಾಮಾನ್ಯ ಪಂಪಿಗೆ ಹೆಚ್ಚುಕಡಿಮೆ 0.4 ಯೂನಿಟ್ ವಿದ್ಯುತ್ ಬೇಕು. 19 ಲಕ್ಷ ಲೀಟರಿಗೆ ಅದು ದಿನಕ್ಕೆ ಸುಮಾರು 760 ಯೂನಿಟ್. ವರ್ಷಕ್ಕೆ ಸರಿಸುಮಾರು 2.8 ಲಕ್ಷ ಯೂನಿಟ್. ನೆಲಕ್ಕೆ ಇಂಗಿದ ನೀರಿಗೂ ಹೆಸ್ಕಾಂ ಬಿಲ್ ಬರುತ್ತದೆ, ಅದನ್ನು ತುಂಬುವುದು ತೆರಿಗೆದಾರರ ಹಣವೇ.

ಒಂದು ಸಣ್ಣ ತೂತಿನ ಲೆಕ್ಕ

ಸೋರಿಕೆಯನ್ನು ಅರ್ಥಮಾಡಿಕೊಳ್ಳಲು ಒಂದೇ ಒಂದು ತೂತನ್ನು ತೆಗೆದುಕೊಳ್ಳೋಣ. ಮೂರು ಮಿಲಿಮೀಟರ್ ವ್ಯಾಸದ ರಂಧ್ರ. ಕೊಳವೆಯಲ್ಲಿ ಇಪ್ಪತ್ತು ಮೀಟರ್ ಎತ್ತರದ ನೀರಿನ ಒತ್ತಡವಿದೆ ಎಂದಾದರೆ ಇಡೀ ದಿನದಲ್ಲಿ ಅದರಿಂದ ಏಳು ಸಾವಿರ ಲೀಟರಿಗೂ ಹೆಚ್ಚು ನೀರು ಹೊರಹೋಗುತ್ತದೆ. ಐವತ್ತಕ್ಕೂ ಹೆಚ್ಚು ಜನರ ಒಂದು ದಿನದ ಪಾಲು ಅದು. ರಸ್ತೆಯ ಮೇಲೆ ಕಾರಂಜಿಯಂತೆ ಚಿಮ್ಮುವ ಸೋರಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಂದೇ ದುರಸ್ತಿಯಾಗುತ್ತದೆ. ಕಪ್ಪು ಮಣ್ಣಿನಡಿ ಸದ್ದಿಲ್ಲದೆ ಇಂಗುವ ಇಂತಹ ಸಣ್ಣ ತೂತುಗಳು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುತ್ತವೆ. ಒಟ್ಟು ನಷ್ಟದಲ್ಲಿ ದೊಡ್ಡ ಪಾಲು ಇವುಗಳದೇ ಆಗಿರುವುದುಂಟು.

ಇಲ್ಲಿಯೇ ಸರದಿ ಸರಬರಾಜಿನ ವಿಚಿತ್ರವೊಂದು ಅಡಗಿದೆ. ಎರಡು ಮೂರು ದಿನಕ್ಕೊಮ್ಮೆ ಎರಡು ಗಂಟೆ ಮಾತ್ರ ನೀರು ಬಿಡುವ ಓಣಿಯಲ್ಲಿ ಆ ತೂತು ಸೋರುವುದೂ ಎರಡೇ ಗಂಟೆ. ಕೊಳವೆ ಖಾಲಿಯಿದ್ದಾಗ ಸೋರಲು ಏನೂ ಇರುವುದಿಲ್ಲ. ಅಂದರೆ ನೀರಿನ ಕೊರತೆಯೇ ಸೋರಿಕೆಯನ್ನು ಮುಚ್ಚಿಟ್ಟಿದೆ. ಹಳೆಯ ಜಾಲವನ್ನು ಹಾಗೆಯೇ ಇಟ್ಟು ನಾಳೆಯಿಂದ 24 ಗಂಟೆ ನೀರು ಕೊಡುತ್ತೇವೆಂದು ಘೋಷಿಸಿದರೆ, ಜನರಿಗಿಂತ ಮೊದಲು ನೀರು ಕುಡಿಯುವುದು ಈ ತೂತುಗಳು. ಹೆಚ್ಚು ನೀರು ತಂದರೆ ಸಮಸ್ಯೆ ತೀರುತ್ತದೆ ಎಂಬ ವಾದ ಸೋಲುವುದು ಇಲ್ಲಿ. ತೂತು ಕೊಡಕ್ಕೆ ಎರಡು ಕೊಡ ನೀರು ಸುರಿದರೂ ಅದು ತುಂಬುವುದಿಲ್ಲ.

ಖಾಲಿ ಕೊಳವೆಯ ಇನ್ನೊಂದು ಅಪಾಯ ಆರೋಗ್ಯಕ್ಕೆ ಸಂಬಂಧಿಸಿದ್ದು. ಒತ್ತಡ ಇಲ್ಲದಾಗ ಅದೇ ತೂತುಗಳ ಮೂಲಕ ಹೊರಗಿನ ಚರಂಡಿ ನೀರು ಒಳಕ್ಕೆ ನುಸುಳುತ್ತದೆ. ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುವ ರೂಢಿ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ನಿರಂತರ ನೀರು ಬರುವ ಪ್ರದೇಶದ ನಳಗಳ ಮಾದರಿಗಳಲ್ಲಿ ಶೇ 0.7ರಷ್ಟರಲ್ಲಿ ಮಾತ್ರ ಇ-ಕೊಲಿ ಬ್ಯಾಕ್ಟೀರಿಯಾ ಕಂಡುಬಂದರೆ, ಸರದಿ ನೀರಿನ ಪ್ರದೇಶದಲ್ಲಿ ಆ ಪ್ರಮಾಣ ಶೇ 31.7 ಇತ್ತು. ಶುದ್ಧೀಕರಣ ಘಟಕಗಳಿಂದ ಹೊರಟಾಗ ಶುದ್ಧವಾಗಿದ್ದ ನೀರು ಓಣಿಯ ಕೊಳವೆಗಳಲ್ಲಿ ಕೆಡುತ್ತಿತ್ತು. ಆದ್ದರಿಂದ ಸೋರಿಕೆಯ ಪ್ರಶ್ನೆ ಉಳಿತಾಯಕ್ಕಷ್ಟೇ ಸೀಮಿತವಲ್ಲ, ಮಕ್ಕಳ ವಾಂತಿಭೇದಿಯ ಪ್ರಶ್ನೆಯೂ ಹೌದು.

ಮನೆಯ ಮೀಟರ್ ಗಾಳಿಯನ್ನೂ ಅಳೆಯುತ್ತದೆ

ಮೀಟರ್‌ಗಳಲ್ಲಿ ಹಲವು ವಿಧ. ಒಳಗೆ ಚಕ್ರ ತಿರುಗುವ ಸಾಂಪ್ರದಾಯಿಕ ಯಾಂತ್ರಿಕ ಮೀಟರ್ ಒಂದು. ಚಲಿಸುವ ಭಾಗಗಳಿಲ್ಲದೆ ಶ್ರವಣಾತೀತ ಧ್ವನಿತರಂಗದಿಂದ ಹರಿವನ್ನು ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಇನ್ನೊಂದು. ಯಾವುದೇ ಮೀಟರ್‌ಗೆ ರೇಡಿಯೋ ಸಂಕೇತ ಕಳುಹಿಸುವ ಸಾಧನ ಜೋಡಿಸಿದರೆ ಅದು ಸ್ಮಾರ್ಟ್ ಎನಿಸಿಕೊಳ್ಳುತ್ತದೆ. ಬೀದಿಯಲ್ಲಿ ಸಾಗುವ ಸಿಬ್ಬಂದಿ ಕೈಯಲ್ಲಿರುವ ಉಪಕರಣದಿಂದ ಓದಿಕೊಳ್ಳುವುದು ಒಂದು ಕ್ರಮ. ಮೀಟರ್ ತಾನೇ ಕಚೇರಿಯ ಕಂಪ್ಯೂಟರಿಗೆ ಆಗಾಗ ಲೆಕ್ಕ ಕಳುಹಿಸುವುದು ಅದಕ್ಕಿಂತ ಮುಂದುವರಿದ ಕ್ರಮ.

ನಿರಂತರ ನೀರು ಬರುವ ಊರಿನಲ್ಲಿ ಇದರ ಪ್ರಯೋಜನ ದೊಡ್ಡದು. ಮನೆಯವರೆಲ್ಲ ನಿದ್ರಿಸುತ್ತಿರುವ ನಡುರಾತ್ರಿಯಲ್ಲೂ ಮೀಟರ್ ಶೂನ್ಯಕ್ಕೆ ಬರದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಇಡೀ ಬಡಾವಣೆಗೂ ಇದೇ ಸೂತ್ರ ಅನ್ವಯಿಸುತ್ತದೆ. ರಾತ್ರಿ ಎರಡರಿಂದ ನಾಲ್ಕರ ನಡುವೆ ಬಡಾವಣೆಗೆ ಹರಿದ ನೀರಿನಲ್ಲಿ ನ್ಯಾಯವಾದ ಬಳಕೆಯನ್ನು ಕಳೆದರೆ ಉಳಿಯುವುದೇ ಸೋರಿಕೆ. ಜಗತ್ತಿನ ನೀರು ಸರಬರಾಜು ಸಂಸ್ಥೆಗಳು ಸೋರಿಕೆ ಹುಡುಕುವುದು ಬಹುಮಟ್ಟಿಗೆ ಈ 'ಕನಿಷ್ಠ ರಾತ್ರಿ ಹರಿವಿನ' ಲೆಕ್ಕದಿಂದ.

ಆದರೆ ರಾತ್ರಿ ಕೊಳವೆಯೇ ಖಾಲಿ ಇರುವ ಊರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಷ್ಟೇ ಅಲ್ಲ, ವಾಲ್ವ್ ತಿರುಗಿಸಿದೊಡನೆ ನೀರಿಗಿಂತ ಮೊದಲು ಕೊಳವೆಯಲ್ಲಿದ್ದ ಗಾಳಿ ನುಗ್ಗಿ ಬರುತ್ತದೆ. ಯಾಂತ್ರಿಕ ಮೀಟರ್ ಆ ಗಾಳಿಗೂ ತಿರುಗುತ್ತದೆ. ಗ್ರಾಹಕ ಗಾಳಿಗೆ ಹಣ ತೆತ್ತಂತಾಗುತ್ತದೆ. ಅದರ ಬೆನ್ನಿಗೇ ಬರುವ ರಾಡಿ, ತುಕ್ಕಿನ ಕಣಗಳು ಚಕ್ರವನ್ನು ಕಚ್ಚಿಹಿಡಿದು ಮೀಟರನ್ನು ಕೆಡಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಮೀಟರ್ ತನ್ನನ್ನು ದಾಟಿದ ನೀರನ್ನಷ್ಟೇ ಬಲ್ಲದು. ಅದಕ್ಕಿಂತ ಹಿಂದೆ, ಜಾಕ್‌ವೆಲ್‌ನಿಂದ ಓಣಿಯವರೆಗೆ ಆದ ನಷ್ಟದ ಸುದ್ದಿ ಅದಕ್ಕೆ ತಿಳಿಯದು. ಒಳಗೆ ಎಷ್ಟು ಬಂತು ಎಂಬ ಲೆಕ್ಕವೇ ಇಲ್ಲದೆ ಹೊರಗೆ ಎಷ್ಟು ಹೋಯಿತು ಎಂದು ಎಣಿಸಿ ಪ್ರಯೋಜನವೇನು?

ಹುಬ್ಬಳ್ಳಿ-ಧಾರವಾಡದ ಪಾಠ, ಮಲಕಾಪುರದ ಪಾಠ

ಈ ವಿಷಯದಲ್ಲಿ ಉತ್ತರ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. ವಿಶ್ವಬ್ಯಾಂಕಿನ ನೆರವಿನಿಂದ 2004ರಲ್ಲಿ ಮಂಜೂರಾದ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಲಯಗಳಲ್ಲಿ 2008ರ ಹೊತ್ತಿಗೆ 24 ಗಂಟೆ ನೀರು ಹರಿಯತೊಡಗಿತು. ನಗರಗಳ ಜನಸಂಖ್ಯೆಯ ಹತ್ತನೆಯ ಒಂದು ಭಾಗದಷ್ಟು ಜನರಿಗೆ ಮಾತ್ರ ದೊರೆತ ಪ್ರಾಯೋಗಿಕ ಸೇವೆ ಅದು. ಅಲ್ಲಿ ಮೀಟರ್ ಮಾತ್ರ ಬಂದಿರಲಿಲ್ಲ. ವಲಯವನ್ನು ಪ್ರತ್ಯೇಕಿಸಿ, ಒಳಬರುವ ನೀರನ್ನು ಅಳೆದು, ಓಣಿಯ ಕೊಳವೆಗಳನ್ನೂ ಮನೆ ಸಂಪರ್ಕಗಳನ್ನೂ ಹೊಸದಾಗಿ ಹಾಕಿ, ಅದರ ಜೊತೆಗೆ ಮನೆಮನೆಗೂ ಮೀಟರ್ ಕೂಡಿಸಲಾಯಿತು. ಸೋರಿಕೆ ಗಣನೀಯವಾಗಿ ಇಳಿಯಿತು. ಆದರೆ ಪ್ರಾಯೋಗಿಕ ವಲಯದಿಂದ ಇಡೀ ನಗರಕ್ಕೆ ವಿಸ್ತರಿಸಲು ಮತ್ತೊಂದು ಯೋಜನೆಯೂ, ಅನೇಕ ವರ್ಷಗಳ ಕಾಯುವಿಕೆಯೂ ಬೇಕಾಯಿತು. ವಲಯದ ಗೆರೆಯ ಆಚೆಗಿನವರು ಈಚೆಗಿನವರ ನಳವನ್ನು ನೋಡುತ್ತ ವರ್ಷಗಳನ್ನು ಕಳೆದರು.

ದೊಡ್ಡ ನಗರಗಳ ಮಾತು ಸಣ್ಣ ಊರಿಗೆ ಹೊಂದುವುದಿಲ್ಲ ಎನ್ನುವವರು ಕೃಷ್ಣೆಯ ಮೇಲ್ಭಾಗಕ್ಕೆ ಹೋಗಬೇಕು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ, ಕೃಷ್ಣಾ-ಕೊಯ್ನಾ ಸಂಗಮದ ಕರಾಡಕ್ಕೆ ಹೊಂದಿಕೊಂಡಂತೆ ಮಲಕಾಪುರ ಎಂಬ ಪಟ್ಟಣವಿದೆ. ಗಾತ್ರದಲ್ಲಿ ನಮ್ಮ ಇಂಡಿ, ಸಿಂದಗಿಗಳ ಸಾಲಿನದೇ. 2000ರ ದಶಕದ ಕೊನೆಯಲ್ಲಿ ಅಲ್ಲಿ ನಿರಂತರ ನೀರು ಸರಬರಾಜು ಆರಂಭವಾಯಿತು. ಬೆಸುಗೆ ಹಾಕಿದಂತೆ ಕೂಡುವ ಎಚ್‌ಡಿಪಿಇ ಕೊಳವೆಗಳ ಹೊಸ ಜಾಲ, ರೇಡಿಯೋ ಮೂಲಕ ಓದಬಲ್ಲ ಮನೆ ಮೀಟರ್‌ಗಳು, ಬಳಕೆ ಹೆಚ್ಚಿದಂತೆ ಏರುವ ದರ ಇವು ಆ ವ್ಯವಸ್ಥೆಯ ಅಂಗಗಳು. ಗಮನಿಸಬೇಕಾದದ್ದೆಂದರೆ, ಅಲ್ಲಿ ಮೀಟರ್ ಬಂದದ್ದು ಹೊಸ ಕೊಳವೆ ಮತ್ತು ನಿರಂತರ ನೀರಿನ ಜೊತೆಯಲ್ಲಿ, ಅವಕ್ಕಿಂತ ಮೊದಲಲ್ಲ. ಜನರು ಮೀಟರ್ ಒಪ್ಪಿದರೆ ಅದಕ್ಕೆ ಪ್ರತಿಯಾಗಿ ಅವರಿಗೆ ಕಣ್ಣಿಗೆ ಕಾಣುವ ಸೇವೆ ದೊರೆಯುತ್ತಿತ್ತು.

ಒತ್ತಡವನ್ನು ಹತೋಟಿಯಲ್ಲಿಡದೆ ನೀರನ್ನು ಹತೋಟಿಯಲ್ಲಿಡಲಾಗದು ಎಂಬ ತಿಳಿವಳಿಕೆ ಈ ಜಿಲ್ಲೆಗೆ ಹೊಸದೂ ಅಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಮತ್ತು ಬೇಗಂ ತಲಾಬ್ ಕಡೆಯಿಂದ ವಿಜಯಪುರ ನಗರಕ್ಕೆ ನೀರು ತಂದವರು ದಾರಿಯುದ್ದಕ್ಕೂ 'ಗಂಜ್' ಎಂದು ಕರೆಯಲಾಗುವ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೂಳು ಅಲ್ಲಿಯೇ ನಿಲ್ಲುತ್ತಿತ್ತು. ನೀರು ಹರಿಸುವ ದಾರಿಯನ್ನು ಹಂತಹಂತವಾಗಿ ಬೇರ್ಪಡಿಸಿ ಕಾಯುವ ಆ ಕ್ರಮಕ್ಕೂ, ಇಂದಿನ ಎಂಜಿನಿಯರುಗಳು ಹೇಳುವ ವಲಯ ವಿಂಗಡಣೆಗೂ ಹೋಲಿಕೆ ಇದೆ.

ಅನುಕ್ರಮ ತಪ್ಪಬಾರದು

ಈ ನಾಲ್ಕು ಪಟ್ಟಣಗಳಿಗೆ ಇದರಿಂದ ಸಿಗುವ ಸೂಚನೆ ಸ್ಪಷ್ಟವಾಗಿದೆ. ಮೊದಲ ಮೀಟರ್ ಕೂಡಿಸಬೇಕಾದ್ದು ಜಾಕ್‌ವೆಲ್‌ನಲ್ಲಿ. ನಂತರ ಶುದ್ಧೀಕರಣ ಘಟಕದ ಬಾಯಲ್ಲಿ. ಆಮೇಲೆ ಪ್ರತಿಯೊಂದು ಓವರ್‌ಹೆಡ್ ಟ್ಯಾಂಕಿನ ಹೊರಗೊಳವೆಗೆ. ಒಂದು ಸಣ್ಣ ಪಟ್ಟಣದಲ್ಲಿ ಇಂತಹ ಜಾಗಗಳು ಬೆರಳೆಣಿಕೆಯಷ್ಟೇ. ಸಾವಿರಾರು ಮನೆ ಮೀಟರ್‌ಗಳ ವೆಚ್ಚಕ್ಕೆ ಹೋಲಿಸಿದರೆ ಈ ದೊಡ್ಡ ಮೀಟರ್‌ಗಳ ಒಟ್ಟು ವೆಚ್ಚ ಬಹಳ ಕಡಿಮೆ. ನದಿಯಿಂದ ಎತ್ತಿದ್ದೆಷ್ಟು, ಟ್ಯಾಂಕಿಗೆ ತಲುಪಿದ್ದೆಷ್ಟು ಎಂಬುದು ತಿಳಿದ ದಿನವೇ ಏರು ಕೊಳವೆಮಾರ್ಗದ ನಷ್ಟ ಬಯಲಾಗುತ್ತದೆ.

ಎರಡನೆಯ ಹೆಜ್ಜೆ, ಒಂದು ಟ್ಯಾಂಕಿಗೆ ಒಂದು ವಲಯ ಎಂಬಂತೆ ಊರನ್ನು ವಿಂಗಡಿಸುವುದು. ವಲಯದ ಎಲ್ಲ ಮನೆಗಳ ನಳ ಮುಚ್ಚಿಸಿ, ಒಂದು ರಾತ್ರಿ ಮಾತ್ರ ಕೊಳವೆಗಳನ್ನು ತುಂಬಿಸಿ ನಿಲ್ಲಿಸಿದರೂ, ಟ್ಯಾಂಕಿನ ಮಟ್ಟ ಎಷ್ಟು ಇಳಿಯಿತೆಂಬುದರಿಂದ ಸೋರಿಕೆಯ ಅಂದಾಜು ಸಿಗುತ್ತದೆ. ನಡುವಿನ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರೆ ಸೋರುವ ಓಣಿ ಯಾವುದೆಂಬುದೂ ತಿಳಿಯುತ್ತದೆ. ಇದಕ್ಕೆ ಬೇಕಾದ್ದು ದುಬಾರಿ ತಂತ್ರಾಂಶವಲ್ಲ. ಯಾವ ವಾಲ್ವ್ ಎಲ್ಲಿ ಹೂತಿದೆ ಎಂಬುದನ್ನು ಬಲ್ಲ ನೀರು ಬಿಡುವ ಸಿಬ್ಬಂದಿ. ಅನೇಕ ಊರುಗಳಲ್ಲಿ ಕೊಳವೆ ಜಾಲದ ನಕ್ಷೆ ಕಡತಕ್ಕಿಂತ ಹೆಚ್ಚಾಗಿ ಇಂತಹ ಹಿರಿಯ ನೌಕರರ ನೆನಪಿನಲ್ಲಿದೆ. ಅವರು ನಿವೃತ್ತರಾಗುವ ಮೊದಲು ಆ ನೆನಪನ್ನು ಕಾಗದಕ್ಕಿಳಿಸುವುದು ಸ್ಮಾರ್ಟ್ ಮೀಟರ್‌ನಷ್ಟೇ ತುರ್ತಿನ ಕೆಲಸ.

ಮೂರನೆಯದಾಗಿ, ಸೋರಿಕೆ ತಗ್ಗಿದ ಒಂದು ವಲಯದಲ್ಲಿ ನಿರಂತರ ನೀರು ಕೊಟ್ಟು ತೋರಿಸಬೇಕು. ಮನೆ ಮೀಟರ್‌ಗೆ ಅರ್ಥ ಬರುವುದು ಆಗ. ಅದು ಸ್ಮಾರ್ಟ್ ಆಗಿದ್ದರೆ ಇನ್ನೂ ಒಳಿತು.

ಹಣದ ಮೂಲವೂ ಇಲ್ಲದಿಲ್ಲ. 2021ರ ಅಕ್ಟೋಬರ್‌ನಲ್ಲಿ ಆರಂಭವಾಗಿ ಐದು ವರ್ಷಗಳ ಅವಧಿಗೆ ರೂಪಿಸಲಾದ ಅಮೃತ್ 2.0 ಯೋಜನೆ ದೇಶದ ಎಲ್ಲ ಶಾಸನಬದ್ಧ ಪಟ್ಟಣಗಳನ್ನೂ ಒಳಗೊಂಡಿತು. ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಯೋಜನಾ ವೆಚ್ಚದ ಅರ್ಧ ಭಾಗವನ್ನು ಕೇಂದ್ರ ಭರಿಸುವ ಅವಕಾಶವನ್ನೂ, ಆದಾಯರಹಿತ ನೀರನ್ನು ಶೇ 20ಕ್ಕಿಂತ ಕೆಳಗೆ ತರುವ ಗುರಿಯನ್ನೂ ಅದು ಇಟ್ಟುಕೊಂಡಿತು. ಆದರೆ ಇಂತಹ ಯೋಜನೆಗಳಲ್ಲಿ ಹೊಸ ಟ್ಯಾಂಕು, ಹೊಸ ಕೊಳವೆಮಾರ್ಗಗಳಿಗೆ ದೊರೆಯುವ ಆದ್ಯತೆ ಹಳೆಯ ಕೊಳವೆಯ ಸೋರಿಕೆ ಹುಡುಕಲು ದೊರೆಯುವುದು ಅಪರೂಪ. ಟ್ಯಾಂಕಿಗೆ ಉದ್ಘಾಟನೆಯಿದೆ, ಮುಚ್ಚಿದ ತೂತಿಗೆ ಉದ್ಘಾಟನೆಯಿಲ್ಲ.

ಬಡವರ ನಳ ಸೋರಿಕೆಯಲ್ಲ

ಲೆಕ್ಕಾಚಾರದ ಹೆಸರಿನಲ್ಲಿ ಅನ್ಯಾಯವಾಗದಂತೆಯೂ ನೋಡಿಕೊಳ್ಳಬೇಕು. ಆದಾಯರಹಿತ ನೀರಿನ ಪಟ್ಟಿಯಲ್ಲಿ ಸಾರ್ವಜನಿಕ ನಳದ ನೀರೂ ಸೇರಿಬಿಡುತ್ತದೆ. ಕಾಗದದ ಮೇಲೆ ಶೇಕಡಾವಾರು ಇಳಿಸುವ ಅತ್ಯಂತ ಸುಲಭದ ದಾರಿಯೆಂದರೆ ಆ ನಳವನ್ನು ಕಿತ್ತುಹಾಕುವುದು. ಇದರಿಂದ ಒಂದು ಹನಿ ಸೋರಿಕೆಯೂ ನಿಲ್ಲುವುದಿಲ್ಲ, ಮನೆಯಲ್ಲಿ ಸಂಪರ್ಕವಿಲ್ಲದ ಕೂಲಿಕಾರರ ಕೊಡ ಮಾತ್ರ ಖಾಲಿಯಾಗುತ್ತದೆ. ಸಾರ್ವಜನಿಕ ನಳದ ನೀರನ್ನು ಅಳೆಯಲಿ, ಆದರೆ ಅದನ್ನು ನಷ್ಟವೆಂದು ಬರೆಯುವುದು ಸಲ್ಲದು. ಅನಧಿಕೃತ ಸಂಪರ್ಕಗಳ ವಿಷಯದಲ್ಲೂ ದಂಡಕ್ಕಿಂತ ಮೊದಲು ಕಡಿಮೆ ವೆಚ್ಚದಲ್ಲಿ ಸಕ್ರಮಗೊಳಿಸುವ ದಾರಿ ತೆರೆದಿರಬೇಕು.

ಜನರ ಅನುಮಾನಕ್ಕೂ ಕಾರಣಗಳಿವೆ. 2025ರಲ್ಲಿ ರಾಜ್ಯದಲ್ಲಿ ವಿದ್ಯುತ್ ಸ್ಮಾರ್ಟ್ ಮೀಟರ್‌ಗಳ ದರದ ಬಗ್ಗೆ ಎದ್ದ ವಿವಾದ ಹೈಕೋರ್ಟ್ ಮೆಟ್ಟಿಲೇರಿತ್ತು. ಮೀಟರ್‌ನ ಬೆಲೆ ಯಾರ ಹೆಗಲಿಗೆ, ಬ್ಯಾಟರಿ ಮುಗಿದಾಗ ಬದಲಿಸುವವರು ಯಾರು, ತಪ್ಪು ಬಿಲ್ ಬಂದರೆ ಎಷ್ಟು ದಿನದಲ್ಲಿ ಸರಿಪಡಿಸಲಾಗುತ್ತದೆ ಎಂಬ ಪ್ರಶ್ನೆಗಳಿಗೆ ಟೆಂಡರ್ ಕರೆಯುವ ಮೊದಲೇ ಲಿಖಿತ ಉತ್ತರ ಇರಬೇಕು. ಅದಕ್ಕಿಂತ ಮಿಗಿಲಾಗಿ, ಗ್ರಾಹಕರ ಲೆಕ್ಕ ಕೇಳುವ ಸ್ಥಳೀಯ ಸಂಸ್ಥೆ ಮೊದಲು ತನ್ನ ಲೆಕ್ಕ ಒಪ್ಪಿಸಬೇಕು. ಈ ವಾರ ನದಿಯಿಂದ ಎತ್ತಿದ್ದು ಇಷ್ಟು, ಟ್ಯಾಂಕಿನಿಂದ ಬಿಟ್ಟದ್ದು ಇಷ್ಟು, ಮುಚ್ಚಿದ ಸೋರಿಕೆಗಳು ಇಷ್ಟು ಎಂದು ಕಚೇರಿಯ ಫಲಕದ ಮೇಲೆ ಬರೆಯಲು ಒಂದು ಸೀಮೆಸುಣ್ಣ ಸಾಕು.

ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಂದಿನಿಂದ ಇಂದಿನವರೆಗೆ ಈ ಭಾಗದ ಜನ ಕೃಷ್ಣೆಯ ನೀರಿಗೆ ತೆತ್ತ ಬೆಲೆ ಸಣ್ಣದಲ್ಲ. ಹಳೆಯ ಕೊಲ್ಹಾರದಂತಹ ಊರುಗಳು ಹಿನ್ನೀರಿನಲ್ಲಿ ಮುಳುಗಿದವು. ಮನೆ, ಹೊಲ, ಗುಡಿಗಳನ್ನು ಬಿಟ್ಟು ಜನ ಪುನರ್ವಸತಿ ಕೇಂದ್ರಗಳಿಗೆ ನಡೆದರು. ಅತ್ತ ಇಂಡಿಯ ರೈತರು ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ನಿಂಬೆ ಗಿಡಗಳನ್ನು ಉಳಿಸಿಕೊಂಡರು. ಅಣೆಕಟ್ಟೆಯ ಎತ್ತರ 519 ಮೀಟರೋ 524 ಮೀಟರೋ ಎಂಬ ಚರ್ಚೆ ನ್ಯಾಯಮಂಡಳಿ, ನ್ಯಾಯಾಲಯಗಳಲ್ಲಿ ದಶಕಗಳಿಂದ ನಡೆದಿದೆ. ಅದು ನಡೆಯಬೇಕಾದದ್ದೇ. ಆದರೆ ಅಷ್ಟು ಕಷ್ಟದಿಂದ ಬಂದ ನೀರು ಊರ ಹೊರಗಿನ ಟ್ಯಾಂಕಿನಿಂದ ಓಣಿಯ ನಳಕ್ಕೆ ಬರುವಷ್ಟರಲ್ಲಿ ಎಷ್ಟು ಉಳಿಯಿತು ಎಂದು ಅಳೆಯಲು ಯಾವ ನ್ಯಾಯಮಂಡಳಿಯ ಅಪ್ಪಣೆಯೂ ಬೇಕಿಲ್ಲ. ಅದು ಊರಿನ ಕೈಯಲ್ಲೇ ಇರುವ ಕೆಲಸ. ಮುಳುಗಿದ ಊರಿನವರ ಋಣವನ್ನು ಉಳಿದ ಊರುಗಳು ತೀರಿಸಬಹುದಾದ ಒಂದು ಬಗೆಯೂ ಅದೇ.